ಹಡ್ಲಿನ ಸಾರಗ, ಹಿನ್ನೀರಿನ ಕಡವೆ

ನಾಗರಹೊಳೆಯ ಸಫಾರಿಯಲ್ಲಿ ಜಿಂಕೆ ಕಂಡಾಗ ಗಾಡಿ ನಿಲ್ಲಿಸಿದರೆ ಗೊಣಗುವವರೇ ಹೆಚ್ಚು. ಎಲ್ಲರಿಗೂ ಬೇಕಾದ್ದು ಹುಲಿ. ಆ ಹುಲಿಗೋ ಸರಾಸರಿ ವಾರಕ್ಕೊಂದು ಬೇಟೆ ಬೇಕು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಿಂದ ಇಲ್ಲಿ ಹುಲಿಯ ಜೊತೆಗೆ ಅದರ ಆಹಾರದ ಪ್ರಾಣಿಗಳನ್ನೂ ಎಣಿಸುತ್ತ ಹೋದದ್ದು ಇದಕ್ಕೇ.

ಕೊಡಗು, ಮೈಸೂರು ಜಿಲ್ಲೆಗಳಲ್ಲಿ ಹಬ್ಬಿ, 1955ರಲ್ಲಿ ವನ್ಯಧಾಮವಾದ ಈ ಕಾಡಿನ ಜೀವಾಳ ಹಡ್ಲುಗಳು. ಮರಗಳ ನಡುವಿನ ತಗ್ಗಿನಲ್ಲಿ ಜೌಗು ಹಿಡಿದ ಹುಲ್ಲುಬಯಲುಗಳಿವು. ಸುತ್ತಲಿನ ತೇಗ ಎಲೆ ಉದುರಿಸಿ ನಿಂತಾಗಲೂ ಇಲ್ಲಿ ತೇವ ಆರುವುದಿಲ್ಲ. ಸಾರಗಗಳು, ಅಂದರೆ ಚುಕ್ಕೆ ಜಿಂಕೆಗಳು, ಇಲ್ಲಿ ಹಿಂಡಾಗಿ ಮೇಯುತ್ತವೆ. ಬಯಲಲ್ಲಿ ಕಾವಲಿಗೆ ಕಣ್ಣು ಹೆಚ್ಚಿದ್ದಷ್ಟೂ ಒಳ್ಳೆಯದು. ಅಂಚಿನ ಮರದಲ್ಲಿ ಮುಸುವಗಳಿದ್ದರೆ ಇನ್ನೂ ಅನುಕೂಲ: ಅವು ಚೆಲ್ಲಿದ ಚಿಗುರು, ಕಾಯಿ ಸಾರಗದ ಪಾಲು, ಅವುಗಳ ಕೂಗೇ ಎಚ್ಚರಿಕೆ. ಗಂಡುಗಳು ಕೊಂಬು ಉದುರಿಸಿ ಹೊಸದು ಬೆಳೆಸುತ್ತವೆ, ಆದರೆ ಎಲ್ಲವೂ ಒಂದೇ ಕಾಲಕ್ಕಲ್ಲ. ಹಾಗಾಗಿ ಒಂದೇ ಹಿಂಡಿನಲ್ಲಿ ಗಟ್ಟಿ ಕೊಂಬಿನದು, ಮಖಮಲ್ಲಿನಂಥ ಚರ್ಮ ಹೊದ್ದ ಎಳೆಗೊಂಬಿನದು, ಬೋಳುತಲೆಯದು ಎಲ್ಲ ಸಿಗುತ್ತವೆ. ಉದುರಿದ ಕೊಂಬೂ ದಂಡವಾಗದು. ಸುಣ್ಣದಂಶಕ್ಕಾಗಿ ಜಿಂಕೆಗಳೇ ಅದನ್ನು ಜಗಿಯುವುದುಂಟು.

ಕಡವೆಗೆ ಹಡ್ಲೇ ಆಗಬೇಕೆಂದಿಲ್ಲ. 200 ಕಿಲೋ ದಾಟಬಲ್ಲ ಈ ಪ್ರಾಣಿ ಹುಲ್ಲು, ಸೊಪ್ಪು, ಒರಟು ಎಲೆ ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ. ಹೆಚ್ಚಾಗಿ ಇರುಳಲ್ಲಿ, ಒಂಟಿಯಾಗಿಯೋ ಸಣ್ಣ ಗುಂಪಿನಲ್ಲೋ ಮೇಯುತ್ತದೆ. ನೀರೆಂದರೆ ಪ್ರಾಣ. 1974ರಲ್ಲಿ ಕಟ್ಟಿದ ಕಬಿನಿ ಅಣೆಕಟ್ಟು ಬಹಳಷ್ಟು ಕಾಡನ್ನು ಮುಳುಗಿಸಿತು, ನಿಜ. ಆದರೆ ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ದಂಡೆಯುದ್ದಕ್ಕೂ ಹಸಿರು ಹುಲ್ಲೇಳುತ್ತದೆ. ಸೀಳುನಾಯಿಗಳು ಅಟ್ಟಿ ಬಂದರೆ ಕಡವೆ ನೇರ ನೀರಿಗಿಳಿದು, ಕಾಲೂರಿ ನಿಂತು ಎದುರಿಸುತ್ತದೆ.

ಕಾಡುಕುರಿ ಎಂಬ ಪುಟ್ಟ ಜಿಂಕೆಯ ಬದುಕೇ ಬೇರೆ. ಸುಮಾರು 20 ಕಿಲೋ ತೂಗುವ ಅದರ ಪುಟ್ಟ ಹೊಟ್ಟೆಗೆ ಒರಟು ಹುಲ್ಲು ಹಿಡಿಸದು. ಎಳೆ ಚಿಗುರು, ಉದುರಿದ ಹಣ್ಣು ಆಯ್ದು ತಿನ್ನಬೇಕು. ಅಂಥ ಮೇವು ಚದುರಿ ಸಿಗುವುದರಿಂದ ಅದು ಒಂಟಿ. ಪೊದೆಯೊಳಗಿಂದ ನಾಯಿಯಂತೆ ಬೊಗಳಿದರೆ ಅದೇ ಎಂದು ತಿಳಿಯಬಹುದು. ಮೂರು ಕಿಲೋ ಆಸುಪಾಸಿನ ಬರಿಂಕ, ಅಂದರೆ ಇಲಿಜಿಂಕೆಯಂತೂ ಸಫಾರಿ ಹೊತ್ತಿನಲ್ಲಿ ಕಾಣುವುದು ಅಪರೂಪ. ಕೊಂಬಿಲ್ಲದ, ಕೋರೆಹಲ್ಲಿನ ಈ ನಿಶಾಚರಿಯನ್ನು ಪ್ರಾಣಿಶಾಸ್ತ್ರ ಜಿಂಕೆಗಳ ಕುಟುಂಬಕ್ಕೆ ಸೇರಿಸುವುದೂ ಇಲ್ಲ.

ಈಗ ಇಲ್ಲಿ ಲಂಟಾನ ಹಬ್ಬಿದೆ. ಅಡಗಲು ಪೊದೆ ಬೇಕಾದ ಪ್ರಾಣಿ ಅದರೊಳಗೆ ನುಸುಳೀತು, ಹುಲ್ಲು ನಂಬಿದ ಸಾರಗಕ್ಕೆ ಅದು ಬರೀ ಮುಳ್ಳುಬೇಲಿ. ನೋಡಹೋಗುವವರಿಗೆ ಕುಟ್ಟದ ಕಡೆಯಿಂದ ನಾಣಚ್ಚಿ ಗೇಟು, ಹಿನ್ನೀರಿಗೆ ದಮ್ಮನಕಟ್ಟೆ. ದಂಡೆಯ ಹುಲ್ಲಿಗೆ ಹಿಂಡುಗಳು ಇಳಿಯುವ ಏಪ್ರಿಲ್, ಮೇ ತಿಂಗಳೇ ಸೂಕ್ತ.