ಮುಖಪುಟ ಯಾರನ್ನು ಕರೆಯುತ್ತದೆ?

ಸಂಗೀತವು ಶ್ರವಣೇಂದ್ರಿಯಕ್ಕೆ ಸೇರಿದ ಸುಖವೇ ಆದರೂ, ಅದನ್ನು ಕುರಿತ ಪತ್ರಿಕೆಯು ಅಂಗಡಿಯ ದಾರದಲ್ಲಿ ತೂಗಾಡುವಾಗ ಮೊದಲು ನೇತ್ರವನ್ನೇ ಆಶ್ರಯಿಸಬೇಕಾಗಿರುವುದರಿಂದ, ನಾದದ ಸ್ವರೂಪವನ್ನು ವರ್ಣ, ಅಕ್ಷರ, ಮುಖಭಾವಗಳಿಂದ ಸೂಚಿಸುವ ಹೊಣೆಯು ಮುಖಪುಟದ ಪಾಲಿಗೆ ಬರುತ್ತದೆ. 1967ರ ನವೆಂಬರ್ 9ರ ತಾರೀಖನ್ನು ಹೊತ್ತು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಪ್ರಥಮ ಸಂಚಿಕೆಯು ಗಾಯಕ ಜಾನ್ ಲೆನನ್‌ನನ್ನು ಚಲನಚಿತ್ರವೊಂದರ ಸೈನಿಕವೇಷದಲ್ಲಿ ಮುಂದಿಟ್ಟಿತು. ಹಾಡುವ ಭಂಗಿಯನ್ನು ಬಿಟ್ಟು, ತರುಣರೆಲ್ಲರೂ ಬಲ್ಲ ಮುಖವನ್ನೇ ನೆಚ್ಚಿದ ಉಪಾಯವದು. 1983ರಲ್ಲಿ ಮದರಾಸಿನಲ್ಲಿ ಎನ್. ಪಟ್ಟಾಭಿರಾಮನ್ ಅವರು ಆರಂಭಿಸಿದ ‘ಶ್ರುತಿ’ಗೆ ಅಂತಹ ವೇಷ ಬೇಕಿರಲಿಲ್ಲ. ವಿದ್ವಾಂಸರ ಮುಖವನ್ನು ಕಂಡೊಡನೆ ಗುರುತಿಸುವ ರಸಿಕನಿಗೆ ಆ ಮುಖವೇ ಸಾಕಷ್ಟು ಆಮಂತ್ರಣ.

ಕೋಲಾರದ ಸೀಮೆಯ ಸಾಮಾನ್ಯರಿಗೆ ಇಂತಹ ಪತ್ರಿಕೆಗಳಿಗಿಂತ ಹತ್ತಿರದವು ಹಾಡಿನ ಪುಸ್ತಕಗಳು, ಆಮೇಲೆ ಬಂದ ಕ್ಯಾಸೆಟ್ಟುಗಳು. ಮುಳಬಾಗಿಲಿನ ಬಳಿ ನರಸಿಂಹತೀರ್ಥದಲ್ಲಿ ರಂಗವಿಠಲಾಂಕಿತದ ಶ್ರೀಪಾದರಾಜರ ವೃಂದಾವನವಿದೆ. ಮಾಲೂರು ಸೀಮೆಯಲ್ಲಿ ಚಿಕ್ಕತಿರುಪತಿಯ ವೆಂಕಟರಮಣನಿದ್ದಾನೆ. ಅಲ್ಲಿಗೆ ಬರುವ ಭಕ್ತನು ದೇವರನಾಮದ ಪುಸ್ತಕವನ್ನು ಕೈಗೆತ್ತಿಕೊಳ್ಳುವುದು ಬಹುಮಟ್ಟಿಗೆ ಹೊದಿಕೆಯ ಮೇಲಿನ ಮೂರ್ತಿಯನ್ನು ಕಂಡು. ಸಂಗ್ರಹಕಾರನ ಹೆಸರು ಕೆಳಗೆ ಸಣ್ಣಕ್ಷರದಲ್ಲಿದ್ದರೂ ವ್ಯಾಪಾರಕ್ಕೆ ಕುಂದಿಲ್ಲ.

ಶ್ರೀನಿವಾಸಪುರದ ಕಡೆ ಹೋದರೆ ಪ್ರಶ್ನೆ ಜಟಿಲವಾಗುತ್ತದೆ. ಆಂಧ್ರದ ಗಡಿಗೆ ತಾಗಿದ ಆ ತಾಲ್ಲೂಕಿನಲ್ಲಿ ಮನೆಮಾತು ತೆಲುಗಾಗಿ ಶಾಲೆಯ ಓದು ಕನ್ನಡವಾದ ಕುಟುಂಬಗಳು ಹಲವು. ನೆರೆಯ ಚಿಂತಾಮಣಿ ಸೀಮೆಯ ಕೈವಾರ ತಾತಯ್ಯನವರೂ ಅಮರನಾರೇಯಣನ ಅಂಕಿತದಲ್ಲಿ ಎರಡು ಭಾಷೆಗಳಲ್ಲಿಯೂ ಹಾಡಿದವರು. ಅವರ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದರೆ ಅಂತಹ ಕುಟುಂಬದ ಓದುಗನಿಗೆ ತೊಡಕಿಲ್ಲ. ಕನ್ನಡ, ತೆಲುಗು ಲಿಪಿಗಳು ದೂರದಿಂದ ನೋಡುವವನಿಗೆ ಒಂದೇ ಎನಿಸುವಷ್ಟು ಸಮೀಪದವು; ಆದುದರಿಂದ ಭಾಷೆಯನ್ನು ಬೇರ್ಪಡಿಸಿ ಹೇಳುವ ಕೆಲಸವನ್ನು ಚಿತ್ರವೇ, ಅದರಲ್ಲಿಯೂ ಸಿನಿಮಾ ಹಾಡಿನ ಪುಸ್ತಕದಲ್ಲಿ ನಾಯಕನಟನ ಮುಖವೇ, ಮಾಡಬೇಕಾಗುತ್ತದೆ. ಕೋಲಾರದ ಚಿನ್ನದ ಗಣಿ ಸೀಮೆಯ ತಮಿಳು ಓದುಗನಿಗಾದರೋ ಲಿಪಿಯೊಂದೇ ಸಾಕು; ರಸ್ತೆಯಾಚೆಯಿಂದಲೇ ಅದು ತನ್ನವನನ್ನು ಕೂಗಿ ಕರೆಯುತ್ತದೆ. ಮುಖಪುಟದ ಮೇಲೆ ಚಿತ್ರ ದೊಡ್ಡದಿರಬೇಕೋ ಅಕ್ಷರ ದೊಡ್ಡದಿರಬೇಕೋ ಎಂಬ ಕಲಾವಿದರ ವಾದಕ್ಕೆ, ನನ್ನ ಮಟ್ಟಿಗೆ, ಊರಿನ ಹೆಸರನ್ನು ಕೇಳದೆ ಉತ್ತರ ಹೇಳಲಾಗದು.

ಆಕಾರವೂ ತನ್ನ ಅಧಿಕಾರವನ್ನು ನಡೆಸಿದೆ. ಹನ್ನೆರಡು ಅಂಗುಲದ ಗ್ರಾಮಫೋನ್ ತಟ್ಟೆಯ ಹೊದಿಕೆಯಲ್ಲಿ ವೀಣೆಯ ಮೆಟ್ಟಿಲುಗಳನ್ನು ಸಹ ಎಣಿಸಬಹುದಾಗಿತ್ತು. ಕ್ಯಾಸೆಟ್ಟಿನದು ಅಂಗೈಯಗಲದ ಕಾಗದ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಹೊರಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟುಗಳಿಗೊಂದು ಮಾರ್ಗ ತೆರೆಯಿತಷ್ಟೆ. ಅಲ್ಲಿ ಗಾಯಕನೊಡನೆ ಕವಿಯ ಹೆಸರೂ ಆಕರ್ಷಣೆಯಾಗಿ, ಆ ಅಂಗೈಯಗಲದಲ್ಲಿಯೇ ಇಬ್ಬರಿಗೂ ಸ್ಥಳವನ್ನು ಹಂಚಬೇಕಾಯಿತು. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಆದಿಮ ಸಾಂಸ್ಕೃತಿಕ ಕೇಂದ್ರದವರು ನಡೆಸುವ ‘ಹುಣ್ಣಿಮೆ ಹಾಡು’ ಮಾತ್ರ ಈ ಇಕ್ಕಟ್ಟಿನಿಂದ ಪಾರಾದುದು; ಅದರ ಶ್ರೋತೃಗಳಿಗೆ ಪಂಚಾಂಗವೇ ಮುಖಪುಟ.

ಈಗ ಮೊಬೈಲಿನ ಪರದೆಯ ಮೇಲೆ ಹಾಡಿನ ಹೊದಿಕೆಯ ಚೌಕವು ಉಗುರಿನಷ್ಟಕ್ಕೆ ಇಳಿದಿದೆ. ಅಷ್ಟರೊಳಗೆ ತಂಬೂರಿಯ ತಂತಿ ಕಾಣದು, ಸಣ್ಣಕ್ಷರ ಓದಲಾಗದು. ದೇವರದಾಗಲಿ ನಟನದಾಗಲಿ, ಒಂದು ಮುಖವಷ್ಟೇ ಅಲ್ಲಿ ನಿಲ್ಲುತ್ತದೆ.