ಮೊಣಕಾಲು ಮಟ್ಟದ ಕಡಲು

ದುಬೈಗೆ ಹೋಗಿ ಬಂದೆ ಎಂದರೆ ನಮ್ಮ ದುಬಲಗುಂಡಿಯ ಕಟ್ಟೆಯ ಮೇಲೆ ಕೇಳುವುದು ಎರಡೇ ಪ್ರಶ್ನೆ. ಬಂಗಾರ ಎಷ್ಟು ತಂದಿರಿ? ಬುರ್ಜ್ ಖಲೀಫಾ ಹತ್ತಿದಿರಾ? ಬಂಗಾರ ತರಲಿಲ್ಲ. 828 ಮೀಟರ್ ಎತ್ತರದ ಆ ಕಟ್ಟಡವನ್ನು ಕೆಳಗೇ ನಿಂತು ಕುತ್ತಿಗೆ ನೋಯುವವರೆಗೆ ನೋಡಿದೆ, ಅಷ್ಟೇ. ನಾನು ತಂದದ್ದು ಒಂದು ಜೊತೆ ಬೂಟು ಮತ್ತು ನೂರು ಪುಟದ ಒಂದು ನೋಟ್‌ಬುಕ್ಕು. ಅವುಗಳ ಕಥೆಯನ್ನೇ ಹೇಳುತ್ತೇನೆ.

ಮಗ ಅಲ್ಲಿ ನೌಕರಿಯಲ್ಲಿದ್ದಾನೆ. 2023ರ ಡಿಸೆಂಬರಿನಲ್ಲಿ, ಮೊಮ್ಮಗಳಿಗೆ ಚಳಿಗಾಲದ ರಜೆ ಬಿಟ್ಟಾಗ, ನಾವಿಬ್ಬರು ಮುದುಕರು ಹೈದರಾಬಾದಿನಿಂದ ವಿಮಾನ ಹತ್ತಿದೆವು. ಸುಮಾರು ನಾಲ್ಕು ತಾಸಿನ ಹಾದಿ. ಇಳಿದ ಮೇಲೆ ಗಡಿಯಾರವನ್ನು ಒಂದೂವರೆ ತಾಸು ಹಿಂದಕ್ಕೆ ತಿರುಗಿಸಬೇಕು. ನನಗಾಗ 73 ವರ್ಷ. ಸಕ್ಕರೆ ಕಾಯಿಲೆ ಇದೆ, ಎಡ ಮೊಣಕಾಲು ಮಾತು ಕೇಳುವುದಿಲ್ಲ. ಮೂರು ವಾರ ಸೋಫಾದ ಮೇಲೆ ಕೂತು ಮೊಮ್ಮಗಳ ಮುಖ ನೋಡಿಕೊಂಡು ಬಂದರೆ ಸಾಕು ಎಂದುಕೊಂಡಿದ್ದೆ.

ಐದನೇ ತರಗತಿಯ ಆ ಹುಡುಗಿ ಬೇರೆಯೇ ಲೆಕ್ಕ ಹಾಕಿದ್ದಳು. ದುಬೈಯಲ್ಲಿ 2017ರಿಂದ ಪ್ರತಿವರ್ಷ ಫಿಟ್‌ನೆಸ್ ಚಾಲೆಂಜ್ ಎಂದು ನಡೆಯುತ್ತದೆ. 30 ದಿನ, ದಿನಕ್ಕೆ 30 ನಿಮಿಷ ಮೈ ದಣಿಸಬೇಕು. ಅದನ್ನು ಆಗಷ್ಟೇ ಮುಗಿಸಿದ್ದ ಆಕೆ ನನ್ನ ಮುಂದೆ ನೋಟ್‌ಬುಕ್ಕು ಇಟ್ಟಳು.

"ಮುತ್ಯಾ, ನೀ ಬ್ಯಾಂಕಿನಾಗ ಲೆಕ್ಕ ಬರೀತಿದ್ದಿ ಅಲ್ಲ? ನಡೆದದ್ದು ಜಮಾ, ಕೂತದ್ದು ಖರ್ಚು. ದಿನಾ ರಾತ್ರಿ ನಾ ನೋಡ್ತೀನಿ."

ನಿವೃತ್ತಿಯಾಗಿ ಹದಿಮೂರು ವರ್ಷದ ಮೇಲೆ ನನಗೆ ಮತ್ತೆ ಮ್ಯಾನೇಜರ್ ಸಿಕ್ಕಳು! ನಮ್ಮ ಮನೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು.

ಮರುದಿನ ಬೆಳಗ್ಗೆಯೇ ಜುಮೇರಾದ ಕೈಟ್ ಬೀಚಿಗೆ ಹೋದೆವು. ಕಡಲ ದಂಡೆಗುಂಟ 14 ಕಿಲೋಮೀಟರ್ ಉದ್ದದ ನಡಿಗೆ ದಾರಿ ಇದೆ. ಓಡುವವರಿಗೆಂದು ಹಾಸಿದ ಭಾಗ ಮೆತ್ತಗಿದ್ದು, ಮೊಣಕಾಲಿಗೆ ಪೆಟ್ಟು ಬೀಳುವುದಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ಡಿಸೆಂಬರಿನಲ್ಲಿ ನಮ್ಮ ಬೀದರಿನ ಹಾಗೆ ಹಿತವಾಗಿತ್ತು. ಮೊದಲ ದಿನ ಒಂದು ಕಿಲೋಮೀಟರಿಗೇ ಬೆಂಚು ಹುಡುಕಿದೆ. ವಾರ ಕಳೆಯುವಷ್ಟರಲ್ಲಿ ಎರಡೂವರೆ ಆಯಿತು.

ಒಂದು ದಿನ ಹಳೇ ಊರಿನ ಖಾರಿಗೆ ಹೋದೆವು. ಅಲ್ಲಿ ಬುರ್ ದುಬೈಯಿಂದ ಡೇರಾಗೆ ದಾಟಿಸುವ ಕಟ್ಟಿಗೆಯ ದೋಣಿಗೆ ಅಬ್ರಾ ಎನ್ನುತ್ತಾರೆ. ಆಗ ದರ ಒಂದು ದಿರ್ಹಾಮ್, ಅಂದಿನ ಲೆಕ್ಕಕ್ಕೆ ನಮ್ಮ ಸುಮಾರು 23 ರೂಪಾಯಿ ಇತ್ತು. ಆ ನಾಣ್ಯ ಕೈಯಲ್ಲಿ ಹಿಡಿದಾಗ ನನ್ನೊಳಗಿನ ಗುಮಾಸ್ತ ಎಚ್ಚೆತ್ತ. ಮಕ್ಕಳೇ, ಇದು ನಿಮಗೆ ಗೊತ್ತೇ? ಒಂದು ಕಾಲಕ್ಕೆ ದುಬೈಯಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ 'ಗಲ್ಫ್ ರೂಪಾಯಿ' ನೋಟು ಹೊರಡಿಸಿತು. 1966ರ ಜೂನಿನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದಾಗ ಅವರು ಅದನ್ನು ಬಿಟ್ಟರು. 1971ರಲ್ಲಿ ಯುಎಇ ದೇಶ ಹುಟ್ಟಿತು. 1973ರಲ್ಲಿ ದಿರ್ಹಾಮ್ ಬಂತು. ಇಷ್ಟು ಹೇಳುವಷ್ಟರಲ್ಲಿ ದೋಣಿ ಆಚೆ ದಂಡೆ ಮುಟ್ಟಿತ್ತು. ಅಷ್ಟೂ ಹೊತ್ತು ನಾನು ಹಲಗೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದೆ. ಮೊಮ್ಮಗಳು ಅದನ್ನು ನೋಡಿದಳು, ಏನೂ ಅನ್ನಲಿಲ್ಲ.

ಇನ್ನೊಂದು ದಿನ ಅಲ್ ಖುದ್ರಾ. ಮರಳುಗಾಡಿನ ನಡುವೆ ಸೈಕಲ್ಲಿಗೆಂದೇ ಮಾಡಿದ 86 ಕಿಲೋಮೀಟರಿನ ರಸ್ತೆ. ಕಾರು, ಲಾರಿ ಯಾವುದೂ ಬರುವಂತಿಲ್ಲ. ಬಾಡಿಗೆಗೆ ಸೈಕಲ್ಲು, ತಲೆಗೆ ಹೆಲ್ಮೆಟ್ಟು ಸಿಗುತ್ತವೆ. ಒಂದು ಕಾಲಕ್ಕೆ ದುಬಲಗುಂಡಿಯಿಂದ ಹುಮನಾಬಾದಿನ ಬ್ಯಾಂಕಿಗೆ ಸೈಕಲ್ ತುಳಿದ ಕಾಲು ಇದು, ಮರೆಯುತ್ತದೆಯೇ? ಐದು ಕಿಲೋಮೀಟರ್ ತುಳಿದೆ. ದೂರದಲ್ಲಿ ಉದ್ದ ಕೊಂಬಿನ ಬಿಳಿ ಓರಿಕ್ಸ್ ಒಂದು ನಿಂತಿತ್ತು. ಆ ರಾತ್ರಿ ಜಮಾ ಕಾಲಮ್ಮಿನಲ್ಲಿ ಮೊಮ್ಮಗಳು ಕೆಂಪು ಶಾಯಿಯಿಂದ ನಕ್ಷತ್ರ ಬರೆದಳು.

ಆದರೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಮಾತ್ರ ದಿನವೂ ಖಾಲಿ ಉಳಿಯುತ್ತಿತ್ತು: ನೀರು. ಬೀಚಿಗೆ ಹೋದಾಗಲೆಲ್ಲ ಅಪ್ಪ, ಮಗಳು ಈಜುತ್ತಿದ್ದರು. ನಾನು ಬೂಟು ಬಿಚ್ಚದೆ ದಂಡೆಯ ಮೇಲೆ ಕೂಡುತ್ತಿದ್ದೆ.

"ಯಾಕ ಮುತ್ಯಾ, ನೀರಿಗಿ ಅಂಜ್ತೀಯೇನು?" ಎಂದು ಒಂದು ಸಂಜೆ ಕೇಳಿಯೇಬಿಟ್ಟಳು.

ಹೇಳಿದೆ. 1960ರ ಬೇಸಿಗೆ. ನನಗೆ ಹತ್ತು, ನಮ್ಮ ಅಣ್ಣನಿಗೆ ಹದಿಮೂರು. ಗೆಳೆಯರ ಜೊತೆ ಹೊಲದ ಬಾವಿಗೆ ಇಳಿದ. ಅವರಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ನಾನು ಮೆಟ್ಟಿಲ ಮೇಲೆ ಅವನ ಅಂಗಿ ಹಿಡಿದುಕೊಂಡು ನಿಂತಿದ್ದೆ. ಜನ ಓಡಿ ಬರುವಷ್ಟರಲ್ಲಿ ಮುಗಿದುಹೋಗಿತ್ತು. ಆ ರಾತ್ರಿ ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಳು: ಜೀವ ಇರುವವರೆಗೆ ನೀರಿಗೆ ಇಳಿಯುವುದಿಲ್ಲ. ನಾನು ಇಳಿಯಲಿಲ್ಲ. ನನ್ನ ಮಗನನ್ನೂ ಇಳಿಯಗೊಡಲಿಲ್ಲ.

ಮಗ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದ. ದೊಡ್ಡಪ್ಪ ಬಾವಿಯಲ್ಲಿ ಹೋದನೆಂದು ಅವನಿಗೆ ಗೊತ್ತಿತ್ತು. ಅಂಗಿಯ ಮಾತು ನಾನು ಯಾರಿಗೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ನೀವು ಬ್ಯಾಡ ಅಂದ್ರಿ ಅಂತ ನಾ ಕಲೀಲಿಲ್ಲ ಅಪ್ಪ. ಇಕಿ ಸಾಲ್ಯಾಗ ಈಜು ಕಲ್ತು ಸಮುದ್ರಕ್ಕ ಇಳಿದ್ಲು. ಏನಾರ ಆದ್ರ ನಾ ದಂಡಿ ಮ್ಯಾಲ ನಿಂತು ನೋಡಬೇಕಾಗ್ತದಲ್ಲ ಅನಿಸ್ತು. ಅದಕ್ಕ ಹೋದ ವರ್ಷ ಕಲ್ತೆ."

ದಂಡೆಯ ಮೇಲೆ ನಿಂತು ನೋಡುವುದು. ಅದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮರುದಿನ ಕಡಲು ಶಾಂತವಾಗಿತ್ತು. ಬೀಚಿನ ಕಂಬದ ಮೇಲೆ ಹಸಿರು ಬಾವುಟ ಇತ್ತು. ಹಸಿರು ಇದ್ದರೆ ಇಳಿಯಬಹುದು, ಹಳದಿ ಇದ್ದರೆ ಎಚ್ಚರ, ಕೆಂಪು ಇದ್ದರೆ ಇಳಿಯಬಾರದು ಎಂದು ಮೊಮ್ಮಗಳು ಪಾಠ ಹೇಳಿದಳು. ಎತ್ತರದ ಕುರ್ಚಿಯಲ್ಲಿ ಜೀವರಕ್ಷಕ ಕೂತಿದ್ದ. ಒಂದು ಕೈ ಮಗ, ಇನ್ನೊಂದು ಕೈ ಆಕೆ ಹಿಡಿದರು. ಪಾದ ಮುಳುಗಿತು, ಹಿಂಬಡ ಮುಳುಗಿತು. ಅಲೆ ಹಿಂದಕ್ಕೆ ಸರಿದಾಗ ಕಾಲ ಕೆಳಗಿನ ಮರಳು ಜಾರಿತು. ಎದೆ ಡವಡವ ಎಂದಿತು. "ಇನ್ನೊಂದು ಹೆಜ್ಜಿ ಮುತ್ಯಾ" ಎಂದಳು. ಮೊಣಕಾಲ ಮಟ್ಟಕ್ಕೆ ಬಂದು ನಿಂತೆ. ಅವ್ವ ನೆನಪಾದಳು. ಆಣೆ ಮುರಿದೆ ಎಂದು ಅನಿಸಲಿಲ್ಲ. ಆಕೆಗೆ ಬೇಕಾಗಿದ್ದದ್ದು ನಾನು ಬದುಕಿರುವುದು. ಪಾಪ, ಮಗನನ್ನು ಕಳೆದುಕೊಂಡ ತಾಯಿಗೆ ಆ ರಾತ್ರಿ ಬೇರೆ ದಾರಿ ತೋಚಲಿಲ್ಲ.

ತುಟಿಗೆ ಸಿಡಿದ ಹನಿ ಬಹಳ ಉಪ್ಪು. ಬಿಸಿಲಿಗೆ ನೀರು ಆವಿಯಾಗುವುದು ಹೆಚ್ಚು, ಬಂದು ಸೇರುವ ನದಿಗಳು ಕಡಿಮೆ. ಅದಕ್ಕೇ ಈ ಕೊಲ್ಲಿಯ ನೀರು ಬೇರೆ ಕಡಲುಗಳಿಗಿಂತ ಉಪ್ಪು. ಇದರ ಉಪ್ಪು ತೆಗೆದೇ ದುಬೈ ಜನ ಕುಡಿಯುತ್ತಾರೆ. ಕುದಿಸಿ ಆವಿಯನ್ನು ತಣಿಸುವುದು ಒಂದು ವಿಧಾನ, ಒತ್ತಡದಿಂದ ಸಣ್ಣ ಪೊರೆಯೊಳಗೆ ಸೋಸುವುದು ಇನ್ನೊಂದು. ನದಿಯೇ ಇಲ್ಲದ ಮರಳುಗಾಡಿನ ಮಕ್ಕಳು ಈಜು ಕಲಿಯುತ್ತಾರೆ. ಬಾವಿ, ಹಳ್ಳ, ಕೆರೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಬರುತ್ತದೆ?

ಅಜ್ಜ-ಅಜ್ಜಿಯರಲ್ಲಿ ಇದೊಂದು ವಿನಂತಿ. ಬೇಸಿಗೆ ರಜೆಯಲ್ಲಿ "ನೀರಿಗೆ ಹೋಗಬೇಡ" ಎಂದಷ್ಟೇ ಹೇಳಿದರೆ ಹುಡುಗರು ಕದ್ದು ಹೋಗುತ್ತಾರೆ. ಬಲ್ಲವರ ಕೈಗೆ ಒಪ್ಪಿಸಿ, ನೀವೂ ಮುಂದೆ ನಿಂತು ಕಲಿಸಿರಿ. ಮಕ್ಕಳೇ, ನೀವೂ ಕೇಳಿ. ದೊಡ್ಡವರಿಲ್ಲದೆ ನೀರಿಗೆ ಇಳಿಯಬೇಡಿ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಹತ್ತಿರವೂ ಸುಳಿಯಬೇಡಿ. ಆ ಹಾಳೆ ಎಷ್ಟು ಜಾರುತ್ತದೆಂದರೆ ಈಜು ಬಂದವರೂ ಮೇಲೆ ಹತ್ತಲಾರರು. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಕೂಗಿ ಜನ ಸೇರಿಸಿ. ಹಗ್ಗ, ಸೀರೆ, ಉದ್ದ ಕೋಲು, ಖಾಲಿ ಕ್ಯಾನು, ಏನು ಸಿಕ್ಕರೆ ಅದನ್ನು ದಂಡೆಯಿಂದಲೇ ಎಸೆಯಿರಿ. 1960ರಲ್ಲಿ ನಮಗೆ ಇಷ್ಟು ಹೇಳಿಕೊಡುವವರು ಯಾರೂ ಇರಲಿಲ್ಲ.

ಈಗ ಆ ಬೂಟು ಹಾಕಿಕೊಂಡು ದಿನವೂ ಊರ ಹೊರಗಿನವರೆಗೆ ನಡೆಯುತ್ತೇನೆ. ರಾತ್ರಿ ಫೋನಿನಲ್ಲಿ ಮ್ಯಾನೇಜರ್ ಲೆಕ್ಕ ಕೇಳುತ್ತಾಳೆ. ನೋಟ್‌ಬುಕ್ಕಿನ ನೀರಿನ ಸಾಲಿನಲ್ಲಿ ಅಂದು ಆಕೆಯೇ ಬರೆದದ್ದು ಹಾಗೇ ಇದೆ: 'ಮುತ್ಯಾ, ಮೊಣಕಾಲ ತನಕ. ಬಾಕಿ ಮುಂದಿನ ವರ್ಷ.'