ಗಮಕವೂ ಗಣಕವೂ

೧೯೦೪ನೆಯ ಇಸವಿಯಲ್ಲಿ ಲೋಕದ ಎರಡು ಮೂಲೆಗಳಲ್ಲಿ, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದಂತೆ, ಒಂದೇ ಬಗೆಯ ಹಂಬಲದಿಂದ ಎರಡು ಕಾರ್ಯಗಳು ನಡೆದುವು. ತಮಿಳು ಸೀಮೆಯ ಎಟ್ಟಯಪುರ ಸಂಸ್ಥಾನದಲ್ಲಿ ಸುಬ್ಬರಾಮ ದೀಕ್ಷಿತರು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಎಂಬ ಹೆಬ್ಬೊತ್ತಗೆಯನ್ನು ತೆಲುಗಿನಲ್ಲಿ ಹೊರತಂದರು. ಜರ್ಮನಿಯ ಫ್ರೈಬುರ್ಗ್ ಪಟ್ಟಣದ ಎಡ್ವಿನ್ ವೆಲ್ಟೆ ಮತ್ತು ಕಾರ್ಲ್ ಬೋಕಿಷ್ ಎಂಬಿಬ್ಬರು, ಪಿಯಾನೋ ವಾದಕನ ಬೆರಳಾಟವನ್ನು ಕಾಗದದ ಸುರುಳಿಯಲ್ಲಿ ಹಿಡಿದಿಟ್ಟು ಬೇಕೆಂದಾಗ ಮತ್ತೆ ನುಡಿಸಬಲ್ಲ ಯಂತ್ರವೊಂದನ್ನು ಲೋಕದ ಮುಂದಿಟ್ಟರು. ಸ್ವರಗಳನ್ನು ಬರೆದಿಟ್ಟ ಮಾತ್ರಕ್ಕೆ ಹಾಡು ಉಳಿಯುವುದಿಲ್ಲವೆಂಬ ಅರಿವು ಎರಡು ಕಡೆಯಲ್ಲಿಯೂ ಇತ್ತು. ಮರುವರ್ಷವೇ ಗುಸ್ಟಾಫ್ ಮಾಲರ್‌ನಂತಹ ಮಹಾಸಂಗೀತಗಾರನು ವೆಲ್ಟೆಯ ಯಂತ್ರದ ಮುಂದೆ ಕುಳಿತು ನುಡಿಸಿದನು. ದೀಕ್ಷಿತರ ಬಳಿ ಯಂತ್ರವಿರಲಿಲ್ಲ, ಲೇಖನಿಯಿತ್ತು. ಅವರು ಸ್ವರಾಕ್ಷರಗಳ ಜೊತೆಗೆ ಕಂಪಿತ, ಸ್ಫುರಿತ, ನೊಕ್ಕು, ವಳಿ, ಜಾರು ಮೊದಲಾದ ಗಮಕಗಳಿಗೆ ಒಂದೊಂದು ಚಿಹ್ನೆಯನ್ನು ಗೊತ್ತುಮಾಡಿದರು.

ದೀಕ್ಷಿತರ ಸಾಹಸ ಅಸಾಮಾನ್ಯವಾದದ್ದು. ಆದರೆ ಚಿಹ್ನೆಗೊಂದು ಮಿತಿಯುಂಟು. ‘ಇಲ್ಲಿ ಸ್ವರವನ್ನು ಅಲುಗಿಸು’ ಎಂದು ಅದು ಹೇಳೀತು. ಎಷ್ಟು ಅಲುಗಿಸಬೇಕು, ಯಾವ ಕ್ಷಣದಲ್ಲಿ ತೊಡಗಬೇಕು, ಎಷ್ಟು ವೇಗದಲ್ಲಿ ತೂಗಬೇಕು ಎಂಬುದನ್ನು ಹೇಳಲಾರದು. ಭಾವವೆಂದು ನಾವು ಕರೆಯುವ ವಸ್ತು ಇರುವುದಾದರೂ ಈ ‘ಎಷ್ಟು’ ಎಂಬಲ್ಲಿಯೇ ಅಲ್ಲವೆ? ಅದನ್ನು ಗುರುಮುಖದಿಂದಲೇ ಪಡೆಯಬೇಕು ಎಂದು ಹೇಳಿ ನಮ್ಮ ಹಿರಿಯರು ಸುಮ್ಮನಾದರು. ಹಾಗೆ ಸುಮ್ಮನಾದದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಈಗ ಆ ‘ಎಷ್ಟು’ ಎಂಬುದನ್ನು ಕಣ್ಣಿಗೆ ಕಾಣಿಸಬಲ್ಲ ಡಿಜಿಟಲ್ ಉಪಕರಣಗಳು ಬಂದಿವೆ. ಅವುಗಳಿಂದ ಹಾಡುಗಾರನಿಗೆ ಆಗಬಹುದಾದ ಲಾಭವೇನು, ಕೇಡೇನು ಎಂಬುದು ವಿಚಾರಯೋಗ್ಯವಾದ ಸಂಗತಿ.

ಈ ಅಳತೆಯ ಕೆಲಸಕ್ಕೆ ಶಾಸ್ತ್ರೀಯವಾದ ಅಡಿಪಾಯ ಹಾಕಿದವರಲ್ಲಿ ಮುಖ್ಯನು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಸೀಶೋರ್. ೧೯೩೦ರ ದಶಕದಲ್ಲಿ ಅವನೂ ಅವನ ಸಂಗಡಿಗರೂ ಪಿಯಾನೋದೊಳಗಿನ ಸುತ್ತಿಗೆಗಳ ಚಲನೆಯನ್ನು ಫಿಲ್ಮಿನ ಮೇಲೆ ಮೂಡಿಸಿ, ವಾದಕನು ಯಾವ ಸ್ವರವನ್ನು ಯಾವ ಗಳಿಗೆಯಲ್ಲಿ ಎಷ್ಟು ಬಲದಿಂದ ನುಡಿಸಿದನೆಂಬುದನ್ನು ಲೆಕ್ಕಹಾಕಿದರು. ೧೯೩೮ರಲ್ಲಿ ಹೊರಬಂದ ತನ್ನ ಸಂಗೀತ ಮನಶ್ಶಾಸ್ತ್ರದ ಗ್ರಂಥದಲ್ಲಿ ಸೀಶೋರ್ ಮಂಡಿಸಿದ ತತ್ತ್ವವಿದು: ಕಲಾವಿದನ ಭಾವಾಭಿವ್ಯಕ್ತಿಯಿರುವುದು ಕಟ್ಟುನಿಟ್ಟಾದ ಕಾಲದಿಂದ, ನೇರವಾದ ಶ್ರುತಿಯಿಂದ, ಸಮನಾದ ಬಲದಿಂದ ಅವನು ಅಂದವಾಗಿ ಓರೆಯಾಗುವ ಬಗೆಯಲ್ಲಿ. ಇದನ್ನು ಮೊದಲ ಸಲ ಓದಿದಾಗ ನನಗೆ ಕಾಶ್ಮೀರದ ಕುಂತಕನ ನೆನಪಾಯಿತು. ತೀ.ನಂ.ಶ್ರೀ.ಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ತರಗತಿಯಲ್ಲಿ ಓದಿದವರಿಗೆ ವಕ್ರೋಕ್ತಿಯ ಮಾತು ಹೊಸತಲ್ಲ. ಲೋಕದ ಸಾಮಾನ್ಯ ನುಡಿಯಿಂದ ಕವಿಯ ನುಡಿ ಬಾಗುವ ಆ ಬಾಗಿನಲ್ಲಿಯೇ ಕಾವ್ಯದ ಜೀವವಿದೆಯೆಂದು ಕುಂತಕ ಸಾಧಿಸಿದನು. ಆತನ ಬಳಿ ಬಾಗನ್ನು ಅಳೆಯುವ ಕೋಲಿರಲಿಲ್ಲ, ಅಷ್ಟೆ.

ಪಾಶ್ಚಾತ್ಯರು ಈ ಪ್ರಯೋಗಗಳಿಗೆ ಪಿಯಾನೋವನ್ನೇ ಹೆಚ್ಚಾಗಿ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಹಾರ್ಮೋನಿಯಮ್ಮಿನಂತೆ ಅದರಲ್ಲಿಯೂ ಬಿಳಿಯ ಕರಿಯ ಮನೆಗಳಿವೆ. ಮನೆಯನ್ನು ಒತ್ತಿದಾಗ ಒಳಗಿನ ಸುತ್ತಿಗೆಯೊಂದು ಚಿಮ್ಮಿ ತಂತಿಗೆ ಬಡಿಯುತ್ತದೆ. ಸುತ್ತಿಗೆ ಒಮ್ಮೆ ಚಿಮ್ಮಿತೆಂದರೆ ಅದರ ಮೇಲೆ ಬೆರಳಿಗೆ ಯಾವ ಅಧಿಕಾರವೂ ಇಲ್ಲ. ಯಾವಾಗ ಬಡಿಯಿತು, ಎಷ್ಟು ವೇಗವಾಗಿ ಬಡಿಯಿತು, ಮನೆಯನ್ನು ಯಾವಾಗ ಬಿಟ್ಟದ್ದಾಯಿತು, ಕಾಲಿನ ಪೆಡಲು ಎಲ್ಲಿತ್ತು—ಇಷ್ಟನ್ನು ಬರೆದಿಟ್ಟರೆ ವಾದನದ ಬಹುಪಾಲನ್ನು ಬರೆದಿಟ್ಟಂತೆಯೇ. ೧೯೮೩ರಲ್ಲಿ ಬಳಕೆಗೆ ಬಂದ ‘ಮಿಡಿ’ ಎಂಬ ಒಪ್ಪಂದದ ಭಾಷೆಯಲ್ಲಿ ಬೆರಳಿನ ವೇಗವನ್ನು ಸೊನ್ನೆಯಿಂದ ೧೨೭ರ ವರೆಗಿನ ಅಂಕಿಗಳಲ್ಲಿ ಬರೆಯುತ್ತಾರೆ. ಅದೇ ದಶಕದಲ್ಲಿ, ನಿಜವಾದ ತಂತಿ ಸುತ್ತಿಗೆಗಳಿದ್ದೂ ಗಣಕಯಂತ್ರಕ್ಕೆ ಜೋಡಿಸಿದ ಪಿಯಾನೋಗಳು ಬಂದುವು. ವಾದಕನು ಎದ್ದುಹೋದ ಮೇಲೆ ಅವನು ನುಡಿಸಿದ್ದನ್ನೇ ಅವು ತಾವಾಗಿ ನುಡಿಸಿ ತೋರಿಸುತ್ತವೆ. ಬೆರಳಿಲ್ಲದೆ ಮನೆಗಳು ಏಳುತ್ತ ಬೀಳುತ್ತ ಇರುವುದನ್ನು ನೋಡಿದರೆ ಮೊದಲು ಸ್ವಲ್ಪ ದಿಗಿಲೇ ಆಗುತ್ತದೆ.

ಇಂತಹ ಪಿಯಾನೋಗಳಿಂದ ಹೊರಪಟ್ಟ ಒಂದು ಸಂಗತಿ ತುಂಬ ಸ್ವಾರಸ್ಯವಾಗಿದೆ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವಾಗ ಅವುಗಳಲ್ಲಿ ಮುಖ್ಯ ರಾಗಧಾರೆಗೆ ಸೇರಿದ ಸ್ವರವು ಮಿಕ್ಕವಕ್ಕಿಂತ ಸುಮಾರು ೩೦ ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ೩೦ ಪಾಲಿನಷ್ಟು, ಮೊದಲೇ ಕೇಳಿಸುತ್ತದೆ. ಅದನ್ನು ಎತ್ತಿ ತೋರಿಸಲೆಂದೇ ಕಲಾವಿದರು ಹೀಗೆ ಮುಂಚಿತವಾಗಿ ನುಡಿಸುತ್ತಾರೆಂದು ಅನೇಕರು ನಂಬಿದ್ದರು. ಇದು ಬೋಧಿಸಲು ಯೋಗ್ಯವಾದ ಒಳ್ಳೆಯ ಸೂತ್ರವೂ ಆಗಬಹುದಿತ್ತು! ೨೦೦೧ರಲ್ಲಿ ವೆರ್ನರ್ ಗೇಬ್ಲ್ ಎಂಬ ಆಸ್ಟ್ರಿಯದ ಸಂಶೋಧಕರು ೨೨ ಮಂದಿ ನುರಿತ ವಾದಕರಿಂದ ಶೋಪ್ಯಾನನ ಕೃತಿಭಾಗಗಳನ್ನು ನುಡಿಸಿ ಲೆಕ್ಕವನ್ನು ಮತ್ತೆ ಮಾಡಿದರು. ಸುತ್ತಿಗೆಯು ತಂತಿಯನ್ನು ಮುಟ್ಟಿದ ಹೊತ್ತಿಗೆ ಬದಲಾಗಿ ಬೆರಳು ಮನೆಯನ್ನು ಮುಟ್ಟಿದ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಮುಂಚೂಣಿ ಹೆಚ್ಚುಕಡಿಮೆ ಮಾಯವಾಯಿತು. ಬೆರಳುಗಳೆಲ್ಲ ಒಟ್ಟಿಗೇ ಇಳಿದಿದ್ದುವು. ಜೋರಾಗಿ ಒತ್ತಿದ ಮನೆಯ ಸುತ್ತಿಗೆ ಬೇಗ ತಂತಿಗೆ ತಲುಪುತ್ತದೆ; ಅಷ್ಟೇ ಗುಟ್ಟು. ಕಲಾವಿದನು ಬಯಸಿದ್ದು ಬಲವನ್ನು, ಮುಂಗಾಲವನ್ನಲ್ಲ. ಉಪಕರಣವು ನಮ್ಮ ರಸಿಕತೆಯ ಊಹೆಯನ್ನು ಹೀಗೆ ತಿದ್ದಬಲ್ಲದು. ಬರಿಯ ಕಿವಿಯನ್ನು ನಂಬಿ ವಿಮರ್ಶೆ ಬರೆಯುವ ನಮ್ಮಂಥವರು ಈ ಪ್ರಸಂಗವನ್ನು ಆಗಾಗ ನೆನೆದುಕೊಳ್ಳುವುದು ಒಳ್ಳೆಯದು.

ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ನಡೆದ ಪ್ರಯತ್ನ ಇದಕ್ಕಿಂತಲೂ ಮನಸ್ಸಿಗೆ ಹತ್ತಿರವಾಗಿದೆ. ಅಲ್ಲಿ ಯೋಹಾನ್ ಸುಂಡ್ಬೆರ್ಗ್ ಎಂಬ ವಿಜ್ಞಾನಿಯೂ ಲಾರ್ಸ್ ಫ್ರಿಡೆನ್ ಎಂಬ ಪಿಟೀಲು ವಿದ್ವಾಂಸನೂ ಕೂಡಿ, ೧೯೭೦ರ ದಶಕದ ಕೊನೆಯಿಂದ ಮೊದಲುಗೊಂಡು ಗಣಕಯಂತ್ರಕ್ಕೆ ಸಂಗೀತಪಾಠ ಹೇಳತೊಡಗಿದರು. ಯಂತ್ರವು ಸ್ವರಲಿಪಿಯನ್ನು ಒಪ್ಪಿಸುವುದು. ಫ್ರಿಡೆನ್ ಕೇಳಿ, ಇಲ್ಲಿ ತುಸು ತಡೆ, ಅಲ್ಲಿ ತುಸು ತಗ್ಗಿಸು ಎನ್ನುವುದು. ಸುಂಡ್ಬೆರ್ಗ್ ಅದನ್ನು ನಿಯಮವಾಗಿ ಬರೆಯುವುದು. ಯಂತ್ರ ಮತ್ತೆ ನುಡಿಸುವುದು. ನಮ್ಮ ಪಾಠಶಾಲೆಗಳ ಕ್ರಮವೇ ಇದು. ಶಿಷ್ಯ ಮಾತ್ರ ಬೇರೆ. ಈ ಶಿಷ್ಯನಿಗೆ ಆಯಾಸವಿಲ್ಲ, ಅಭಿಮಾನಭಂಗವೂ ಇಲ್ಲ. ಪ್ರತಿಯೊಂದು ನಿಯಮಕ್ಕೂ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವ ಅನುಕೂಲವನ್ನಿಟ್ಟರು. ಪ್ರಮಾಣ ಕಡಮೆಯಾದರೆ ವಾದನ ಜಡವಾಗುತ್ತದೆ. ಮಿತಿಮೀರಿದರೆ ಅದೇ ನಿಯಮ ಅಣಕವಾಗುತ್ತದೆ. ಔಚಿತ್ಯವೆಂದು ಕ್ಷೇಮೇಂದ್ರನು ಹೇಳಿದ್ದನ್ನು ಇಲ್ಲಿ ಗುಂಡಿ ತಿರುಗಿಸಿ ಕೇಳಬಹುದು. ಇದೇ ಬಳಗದ ಆಂಡೆರ್ಸ್ ಫ್ರಿಬೆರ್ಗ್ ಮತ್ತು ಸುಂಡ್ಬೆರ್ಗ್ ೧೯೯೯ರಲ್ಲಿ ಇನ್ನೊಂದು ಸಾಮ್ಯವನ್ನು ತೋರಿಸಿದರು. ಕೃತಿಯ ಕೊನೆಯಲ್ಲಿ ಕಲಾವಿದರು ಕಾಲವನ್ನು ನಿಧಾನಿಸುತ್ತ ಬರುವ ರೀತಿಯೂ ಓಟಗಾರನು ಓಟವನ್ನು ನಿಲ್ಲಿಸುವ ರೀತಿಯೂ ಬಹುಮಟ್ಟಿಗೆ ಒಂದೇ ರೇಖೆಯನ್ನು ಅನುಸರಿಸುತ್ತವೆ.

ಇನ್ನು ನಮ್ಮ ಸಂಗೀತದ ಮಾತು. ಪಿಯಾನೋವಿನ ಮನೆಗಳು ನಮಗೆ ಸಾಲವು. ಮನೆಯಿಂದ ಮನೆಗೆ ಹಾರುವ ವಾದ್ಯದಲ್ಲಿ ಗಮಕವೆಲ್ಲಿ ಬರಬೇಕು? ಇಂಥ ಆಕ್ಷೇಪಗಳಿಂದಲೇ ಆಕಾಶವಾಣಿಯು ೧೯೪೦ರಿಂದ ೧೯೭೧ರ ವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಸ್ವರವನ್ನು ಬಾಗಿಸುವ ಚಕ್ರವುಳ್ಳ ಡಿಜಿಟಲ್ ಕೀಬೋರ್ಡುಗಳು ಬಂದ ಮೇಲೆ ಆ ಆಕ್ಷೇಪದ ಬಲ ಸ್ವಲ್ಪ ಕುಗ್ಗಿತು. ಒತ್ತಿದ ಒಂದೊಂದು ಬೆರಳೂ ತನ್ನ ಸ್ವರವನ್ನು ಬೇರೆಯಾಗಿ ಬಾಗಿಸಲು ಅನುವಾಗುವಂತೆ ‘ಮಿಡಿ’ ಭಾಷೆಯನ್ನು ೨೦೧೮ರಲ್ಲಿ ಹಿಗ್ಗಿಸಲಾಯಿತು. ಆದರೂ ನನಗೆ ಹೊಸ ವಾದ್ಯಗಳಿಗಿಂತ, ಹಾಡಿದ ದನಿಯನ್ನು ಗೆರೆಯಾಗಿ ಬರೆದು ತೋರಿಸುವ ಸಾಧನಗಳೇ ಹೆಚ್ಚು ಮಹತ್ತ್ವದವೆಂದು ತೋರುತ್ತವೆ. ಭಾಷಾವಿಜ್ಞಾನಿಗಳಿಗೆಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಸಿದ್ಧವಾದ ‘ಪ್ರಾಟ್’ ಎಂಬ ತಂತ್ರಾಂಶವೊಂದಿದೆ, ಬಿಟ್ಟಿಯಾಗಿ ದೊರೆಯುತ್ತದೆ. ದನಿಯ ಕಂಪನಸಂಖ್ಯೆ ಕ್ಷಣಕ್ಷಣಕ್ಕೂ ಏರಿದ್ದನ್ನೂ ಇಳಿದದ್ದನ್ನೂ ಅದು ಗೆರೆಯೆಳೆದು ಕಾಣಿಸುತ್ತದೆ. (ಕಾವ್ಯವಾಚನಕ್ಕೂ ಗಮಕವೆಂದೇ ಹೆಸರಿಟ್ಟುಕೊಂಡಿರುವ ಕನ್ನಡದಲ್ಲಿ, ನಮ್ಮ ಗಮಕಿಗಳ ಷಟ್ಪದಿ ವಾಚನವನ್ನು ಇದರಿಂದ ಪರೀಕ್ಷಿಸಬೇಕೆಂಬ ಆಸೆಯಿಂದ ನಾನು ಇದನ್ನು ಕಲಿತೆ.) ೨೦೧೧ರಲ್ಲಿ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾನಿಲಯದಲ್ಲಿ ಶಾವಿಯೇ ಸೆರಾ ಅವರ ನೇತೃತ್ವದಲ್ಲಿ ಆರಂಭವಾದ ‘ಕಾಂಪ್‌ಮ್ಯೂಸಿಕ್’ ಎಂಬ ಯೋಜನೆಯಲ್ಲಿ, ಮದರಾಸಿನ ಐಐಟಿಯವರೂ ಸೇರಿ, ಕರ್ನಾಟಕ ಸಂಗೀತದ ಧ್ವನಿಮುದ್ರಣಗಳನ್ನು ಇದೇ ಬಗೆಯ ಗೆರೆಗಳಿಂದ ಪರಿಶೀಲಿಸಿದರು. ಷಡ್ಜ ಪಂಚಮಗಳು ಒಂದೆಡೆ ಕಿರಿದಾದ ಶಿಖರಗಳಂತೆ ನಿಲ್ಲುತ್ತವೆ. ಗಮಕಯುಕ್ತವಾದ ಸ್ವರಗಳು ಹಾಗಲ್ಲ. ಅವು ಅಗಲವಾಗಿ ಹರಡಿಕೊಂಡಿರುತ್ತವೆ. ಸ್ವರವೆಂಬುದು ಬಿಂದುವಲ್ಲ, ಒಂದು ಹರಹು ಎಂದು ವಿದ್ವಾಂಸರು ಹೇಳುತ್ತಿದ್ದುದು ಚಿತ್ರವಾಗಿ ಎದುರಿಗೆ ಬಂದಿತು.

ಇದನ್ನರಿಯದ ಯಂತ್ರ ಎಷ್ಟು ಕೇಡು ಮಾಡಬಲ್ಲದೆಂಬುದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಊರಿನ ವೃದ್ಧ ವಿದ್ವಾಂಸರಲ್ಲಿ ಪಾಠಕ್ಕೆ ಹೋಗುತ್ತಾಳೆ. ಮನೆಯಲ್ಲಿ ಸಾಧನೆಗೆಂದು ದೂರವಾಣಿಯಲ್ಲಿ ಶ್ರುತಿ ತೋರಿಸುವ ಆ್ಯಪ್ ಒಂದನ್ನು ಇಟ್ಟುಕೊಂಡಿದ್ದಳು. ಸ್ವರ ಗುರುತಿನ ಮೇಲೆ ನಿಂತರೆ ಹಸಿರು, ಸರಿದರೆ ಕೆಂಪು. ತೋಡಿಯ ಗಾಂಧಾರವಾದರೋ ಒಂದೆಡೆ ನಿಲ್ಲುವ ಜಾತಿಯದಲ್ಲ. ಋಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗಾಡುತ್ತಲೇ ಇರುತ್ತದೆ. ತೂಗಿದಾಗಲೆಲ್ಲ ಕೆಂಪು. ಹುಡುಗಿ ಎರಡು ತಿಂಗಳು ಕಷ್ಟಪಟ್ಟು ಗಾಂಧಾರವನ್ನು ಹಸಿರುಮಾಡಿಕೊಂಡಳು. ಅದನ್ನು ಕೇಳಿದ ದಿನ ಮೇಷ್ಟ್ರು, “ಮಗು, ಇದು ತೋಡಿಯ ಹೆಣ. ಯಾರು ಕಲಿಸಿದರು ನಿನಗೆ?” ಎಂದರಂತೆ. ಅವಳು ಅತ್ತುಕೊಂಡು ನನ್ನ ಬಳಿಗೆ ಬಂದಳು. ಸಿನಿಮಾ ಹಾಡುಗಳಲ್ಲಿ ಶ್ರುತಿಯನ್ನು ತಿದ್ದುವ ತಂತ್ರಾಂಶ ೧೯೯೭ರಿಂದ ಈಚೆಗೆ ಮಾಡುತ್ತ ಬಂದಿರುವುದೂ ಒಮ್ಮೊಮ್ಮೆ ಇದನ್ನೇ. ಬಾಗನ್ನು ಅದು ತಪ್ಪೆಂದು ತಿಳಿಯುತ್ತದೆ.

ನಾನು ಸಂಗೀತಗಾರನಲ್ಲ. ಆದರೂ ಮೇಷ್ಟ್ರ ಅಪ್ಪಣೆ ಪಡೆದು, ಅವರು ತಂಬೂರಿಯೊಡನೆ ಹಾಡಿದ ನಾಲ್ಕು ಸಂಚಾರಗಳನ್ನೂ ಅವಳು ಹಾಡಿದವನ್ನೂ ಮುದ್ರಿಸಿಕೊಂಡು, ಪ್ರಾಟ್‌ನಲ್ಲಿ ಗೆರೆ ತೆಗೆದು ಒಂದರ ಕೆಳಗೊಂದು ಇಟ್ಟೆ. ಅವಳ ಗೆರೆ ನೆಟ್ಟಗಿತ್ತು. ಮೇಷ್ಟ್ರದು ಅಲೆಯಲೆಯಾಗಿತ್ತು, ಒಂದು ಅಲೆಯಂತೆ ಇನ್ನೊಂದಿರಲಿಲ್ಲ, ಮೊದಲಿನದು ಚಿಕ್ಕದು, ಎರಡನೆಯದು ಮಧ್ಯಮದ ಅಂಚಿಗೆ ತಾಗಿ ಅಲ್ಲಿ ಒಂದಿಷ್ಟು ತಂಗಿ ಇಳಿಯುತ್ತಿತ್ತು. “ಅಲ್ಲಿ ತಂಗುತ್ತೀರಾ ಮೇಷ್ಟ್ರೆ?” ಎಂದು ಅವಳು ಕೇಳಿದಳು. “ಇಲ್ಲವಲ್ಲ!” ಎಂದರು. ಮತ್ತೊಮ್ಮೆ ಹಾಡಿದರು, ಮತ್ತೆಯೂ ತಂಗಿದರು. ಇದರಲ್ಲಿ ಆಶ್ಚರ್ಯವಿಲ್ಲ. ನುರಿತ ಗಾಯಕರ ಕಂಠ ಸೆಕೆಂಡಿಗೆ ಆರೇಳು ಬಾರಿ ಅರ್ಧಸ್ವರದಷ್ಟು ಅಗಲಕ್ಕೆ ಕಂಪಿಸಿದರೂ ಕಿವಿ ಅದನ್ನು ಒಂದೇ ಸ್ವರವೆಂದು, ತೀರ ಕಿರಿದಾದ ಕಂಪನವೆಂದು, ಗ್ರಹಿಸುತ್ತದೆಂಬುದನ್ನು ಸೀಶೋರನ ಬಳಗದವರೇ ಪಾಶ್ಚಾತ್ಯ ಗಾಯಕರಲ್ಲಿ ಕಂಡಿದ್ದರು. ಗುರುವು ತಾನು ಮಾಡುವುದೆಲ್ಲವನ್ನೂ ಬಲ್ಲನೆಂದು ನಾವು ಭಾವಿಸುತ್ತೇವೆ. ಅವನು ಬಲ್ಲದ್ದು ಫಲವನ್ನು.

ಹುಡುಗಿ ಗೆರೆಯನ್ನು ನೋಡಿಕೊಂಡು ಹಾಡಲು ತೊಡಗಿದಾಗ ಮೇಷ್ಟ್ರು ಗಣಕಯಂತ್ರದ ಮೇಲೆ ಉತ್ತರೀಯವನ್ನು ಹೊದಿಸಿದರು. “ನೋಡಿದ್ದು ಸಾಕು, ಈಗ ಕೇಳು” ಎಂದರು. ನನಗೆ ಅದು ಸರಿಯೆಂದೇ ತೋರಿತು.

ಮುಂದಿನ ವಾರ ಅವರೇ ಒಂದು ಹಳೆಯ ಕ್ಯಾಸೆಟ್ಟನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಅವರ ಗುರುಗಳು ಪಾಠ ಹೇಳುವಾಗ ಮುದ್ರಿಸಿಕೊಂಡದ್ದಂತೆ. “ಇದನ್ನೂ ಬರೆಸಬಹುದೋ ನೋಡಿ” ಎಂದರು. ಪಟ್ಟಿ ಅಲ್ಲಲ್ಲಿ ಸವೆದಿತ್ತು. ಆದರೂ ತೋಡಿಯ ಒಂದೆರಡು ಸಂಚಾರಗಳು ಚೆನ್ನಾಗಿಯೇ ಮೂಡಿದುವು. ಗಾಂಧಾರದ ಅಲೆಗಳು ಮೇಷ್ಟ್ರ ಅಲೆಗಳಿಗಿಂತ ವಿರಳವಾಗಿದ್ದುವು. ಒಂದೊಂದೂ ನಿಧಾನವಾಗಿ ಎದ್ದು ನಿಧಾನವಾಗಿ ಇಳಿಯುತ್ತಿತ್ತು. ಕನ್ನಡಕವನ್ನು ಒರಸಿಕೊಂಡು ಅವರು ಅದನ್ನು ಬಹಳ ಹೊತ್ತು ನೋಡಿದರು. ಬಳಿಕ, “ಹೌದು, ಅವರು ಹೀಗೆಯೇ ಹಾಡುತ್ತಿದ್ದರು. ನಾನು ಅವಸರ ಮಾಡಿಬಿಟ್ಟೆ” ಎಂದು, ಅಲ್ಲಿಯೇ ಕುಳಿತು ಮೆಲುದನಿಯಲ್ಲಿ ಗಾಂಧಾರವನ್ನು ಹಿಡಿದರು.